ಕಣ್ಣಾರೆ ಕಂಡದ್ದು, ಕೋರ್ಟಿನಲ್ಲಿ ನಿಲ್ಲುವುದು

ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ, ಗಾಂಧಿ ಬಜಾರಿನ ಆಸುಪಾಸಿನಲ್ಲಿ, ಚಾಮರಾಜಪೇಟೆಯಲ್ಲಿ ಸರಗಳ್ಳತನದ ಸುದ್ದಿ ಹೊಸದಲ್ಲ. ಬಾಗಿಲ ಮುಂದೆ ರಂಗೋಲಿ ಹಾಕಲು ಬಗ್ಗಿದವರ, ವಾಕಿಂಗ್ ಹೊರಟ ಹಿರಿಯರ ಕೊರಳಿಗೇ ಕೈ ಹಾಕುತ್ತಾರೆ. ಆರೋಪಿ ಸಿಕ್ಕಿ ಶಿಕ್ಷೆಯಾದರೆ ಇಡೀ ಬೀದಿಗೆ ಸಮಾಧಾನ. ಅವನು ಅಪೀಲು ಹಾಕಿದ ಎಂದು ಗೊತ್ತಾದರೆ, ‘ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದಾನೆ’ ಎಂಬ ಸಿಟ್ಟು. ಆ ಸಿಟ್ಟು ಸಹಜವೇ. ಆದರೆ ಅದರ ಹಿಂದೆ ಮೇಲ್ಮನವಿಯ ಬಗ್ಗೆ ಹಲವು ತಪ್ಪು ತಿಳಿವಳಿಕೆಗಳಿವೆ. ಆರೋಪಿಯ ಮನೆಯವರಲ್ಲೂ ಅವೇ ಇರುತ್ತವೆ.

ತಪ್ಪು ಕಲ್ಪನೆ: ಅಪೀಲು ಎಂದರೆ ಮತ್ತೊಮ್ಮೆ ವಿಚಾರಣೆ, ಸಾಕ್ಷಿಗಳೆಲ್ಲ ಮತ್ತೆ ಬರಬೇಕು

ಸಾಮಾನ್ಯವಾಗಿ ಯಾರೂ ಮತ್ತೆ ಕಟಕಟೆ ಹತ್ತುವುದಿಲ್ಲ. ಕೆಳಗಿನ ಕೋರ್ಟಿನಲ್ಲಿ ದಾಖಲಾದ ಹೇಳಿಕೆ, ಪಾಟೀ ಸವಾಲು, ಮಹಜರುಗಳನ್ನು ಮೇಲಿನ ಕೋರ್ಟು ಮೊದಲಿನಿಂದ ಓದುತ್ತದೆ. ಕಾನೂನಿನ ಜತೆಗೆ ಸಂಗತಿಗಳನ್ನೂ ಹೊಸದಾಗಿ ತೂಗಿ ನೋಡುವುದು ಮೊದಲ ಅಪೀಲಿನ ಕೆಲಸ. ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಯ ಅಪೀಲು ಕೆಂಪೇಗೌಡ ರಸ್ತೆಯ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ, ಸೆಷನ್ಸ್‌ನಲ್ಲೇ ನಡೆದ ಕೇಸಿನದು ಅಠಾರಾ ಕಚೇರಿಯ ಹೈಕೋರ್ಟಿಗೆ. ಸೆಷನ್ಸ್‌ನಲ್ಲಿ ಅಪೀಲು ಸೋತರೆ ಹೈಕೋರ್ಟಿನಲ್ಲಿ ಉಳಿಯುವುದು ರಿವಿಷನ್ ಮಾತ್ರ, ಅದರ ವ್ಯಾಪ್ತಿ ಕಿರಿದು. ಹಾಗಾಗಿ ಮೊದಲ ಅಪೀಲನ್ನು ಕಾಟಾಚಾರಕ್ಕೆ ನಡೆಸಿದವರಿಗೆ ಮುಂದೆ ದಾರಿ ಕಷ್ಟ.

ತಪ್ಪು ಕಲ್ಪನೆ: ಕಣ್ಣಾರೆ ಕಂಡವರೇ ಗುರುತಿಸಿದ ಮೇಲೆ ಇನ್ನೇನು ಉಳಿಯಿತು?

ಬಹಳಷ್ಟು ಉಳಿದಿರುತ್ತದೆ. ಒಬ್ಬರೇ ಸಾಕ್ಷಿ ಇದ್ದರೂ ಶಿಕ್ಷೆ ಕೊಡಲು ಅಡ್ಡಿಯಿಲ್ಲ. ಇಂತಿಷ್ಟೇ ಸಾಕ್ಷಿಗಳಿರಬೇಕು ಎಂದು ಹಳೆಯ ಸಾಕ್ಷ್ಯ ಅಧಿನಿಯಮದ 134ನೇ ಕಲಮೂ ಹೇಳಿರಲಿಲ್ಲ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 139ನೇ ಕಲಮೂ ಹೇಳುವುದಿಲ್ಲ. ಆ ಒಬ್ಬರು ಎಷ್ಟು ಹೊತ್ತು, ಎಷ್ಟು ಬೆಳಕಿನಲ್ಲಿ, ಯಾವ ಕಡೆಯಿಂದ ನೋಡಿದರು ಎಂಬುದೇ ಪ್ರಶ್ನೆ. ನಸುಕಿನಲ್ಲಿ ಹೆಲ್ಮೆಟ್ ಹಾಕಿದವನೊಬ್ಬ ಬೈಕಿನ ಹಿಂದಿನ ಸೀಟಿನಿಂದ ಬಗ್ಗಿ ಸರ ಎಳೆದ ಎನ್ನಿ. ಹೆಂಗಸಿನ ಕೈ ಕೊರಳಿಗೆ ಹೋಗುತ್ತದೆ, ಕಣ್ಣು ನೆಲಕ್ಕೆ. ಬೈಕು ತಿರುವು ದಾಟುವ ಹೊತ್ತಿಗೆ ಆಕೆಗೆ ಕಾಣುವುದು ಬೆನ್ನು. ಆಕೆ ಸುಳ್ಳು ಹೇಳುತ್ತಿಲ್ಲ. ಆದರೂ ತಿಂಗಳುಗಳ ನಂತರ ‘ಇವನೇ’ ಎನ್ನುವಾಗ ಆ ಮುಖ ಎಲ್ಲಿಂದ ಬಂತು, ಅಂದಿನ ಬೆಳಗಿನಿಂದಲೋ, ಠಾಣೆಯ ಬೆಂಚಿನಿಂದಲೋ?

ಇದಕ್ಕೇ ಗುರುತು ಪತ್ತೆ ಪರೇಡ್ ಇರುವುದು. ಆರೋಪಿಯನ್ನು ಅವನಂತೆಯೇ ಕಾಣುವ ಇತರರ ಸಾಲಿನಲ್ಲಿ ನಿಲ್ಲಿಸಿ, ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಎದುರು, ಸಾಕ್ಷಿಯಿಂದ ಗುರುತು ಮಾಡಿಸುತ್ತಾರೆ. ಅದಕ್ಕೆ ಮುಂಚೆಯೇ ಠಾಣೆಯಲ್ಲಿ ಆರೋಪಿಯನ್ನೋ ಅವನ ಫೋಟೋವನ್ನೋ ತೋರಿಸಿದ್ದರೆ, ಪೇಪರಿನಲ್ಲಿ ಅವನ ಚಿತ್ರ ಬಂದಿದ್ದರೆ ಪರೇಡಿನ ಬೆಲೆ ಕುಸಿಯುತ್ತದೆ. ಪರೇಡ್ ನಡೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ಕೇಸು ಬೀಳುವುದಿಲ್ಲ ಎಂಬುದೂ ನಿಜ. ಕೋರ್ಟಿನಲ್ಲಿ ಮಾಡಿದ ಗುರುತೇ ಮೂಲ ಸಾಕ್ಷ್ಯ, ಪರೇಡ್ ಅದಕ್ಕೆ ಬೆಂಬಲ ಎಂದು 2003ರ ಮಲ್ಖಾನ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಅಪರಿಚಿತನನ್ನು ಮೊದಲ ಬಾರಿಗೆ ಕೋರ್ಟಿನಲ್ಲೇ ಗುರುತಿಸುವುದು ದುರ್ಬಲ ಸಾಕ್ಷ್ಯ ಎಂಬ ಎಚ್ಚರ 2002ರ ದಾನಾ ಯಾದವ್ ತೀರ್ಪಿನಲ್ಲಿದೆ. ಆರೋಪಿಗಳು ಕೂರುವ ಜಾಗದಲ್ಲಿ ಒಬ್ಬನೇ ಇದ್ದಾಗ ಬೇರೆ ಯಾರತ್ತ ಬೆರಳು ತೋರಿಸಲು ಸಾಧ್ಯ?

ತಪ್ಪು ಕಲ್ಪನೆ: ಸಾಂದರ್ಭಿಕ ಸಾಕ್ಷ್ಯದ ಮೇಲೆ ಶಿಕ್ಷೆ ಕೊಡುವಂತಿಲ್ಲ

ಧಾರಾಳವಾಗಿ ಕೊಡಬಹುದು. ಆದರೆ ಸರಪಳಿಯ ಪ್ರತಿ ಕೊಂಡಿಯೂ ರುಜುವಾತಾಗಬೇಕು, ಎಲ್ಲ ಸೇರಿ ಆರೋಪಿಯ ಅಪರಾಧವನ್ನು ಬಿಟ್ಟು ಬೇರೊಂದು ವಿವರಣೆಗೆ ಎಡೆ ಕೊಡಬಾರದು. 1984ರ ಶರದ್ ಬಿರ್ಧಿಚಂದ್ ಸಾರ್ಡಾ ತೀರ್ಪಿನ ಐದು ಸೂತ್ರಗಳ ತಿರುಳು ಇದು.

ಸುಲಿಗೆ ಕೇಸುಗಳಲ್ಲಿ ದೊಡ್ಡ ಕೊಂಡಿ ಎಂದರೆ ಸಿಕ್ಕ ಮಾಲು. ಕಳವಾದ ಕೆಲವೇ ದಿನಗಳಲ್ಲಿ ಸರ ಒಬ್ಬನ ಬಳಿ ಸಿಕ್ಕಿ, ಅವನು ಲೆಕ್ಕ ಕೊಡದಿದ್ದರೆ, ಅವನೇ ಕದ್ದವನು ಅಥವಾ ಕದ್ದ ಮಾಲೆಂದು ತಿಳಿದೇ ತೆಗೆದುಕೊಂಡವನು ಎಂದು ಕೋರ್ಟು ಭಾವಿಸಬಹುದು. ಈ ‘ಅಥವಾ’ದಲ್ಲಿ ಅಪೀಲಿನ ಜೀವವಿದೆ. ಗಿರವಿ ಅಂಗಡಿಯಿಂದ ಐದು ತಿಂಗಳ ಮೇಲೆ ಸರ ವಶವಾಗಿದ್ದರೆ, ಅಷ್ಟರಲ್ಲಿ ಅದು ಎಷ್ಟು ಕೈ ದಾಟಿರಬಹುದು? ಗುರುತಿನ ಸಾಕ್ಷ್ಯ ಬಿದ್ದು ಮಾಲು ಮಾತ್ರ ನಿಂತರೆ, ಹಳೆಯ ದಂಡ ಸಂಹಿತೆಯ 392ನೇ ಕಲಮಿನ ಶಿಕ್ಷೆ (ಹತ್ತು ವರ್ಷದವರೆಗೆ) 411ಕ್ಕೆ, ಅಂದರೆ ಮೂರು ವರ್ಷದವರೆಗಿನ ಶಿಕ್ಷೆಗೆ ಇಳಿಯಬಹುದು. ಮಹಜರಿಗೆ ಸಹಿ ಹಾಕಿದ ಪಂಚರು ‘ಠಾಣೆಗೆ ಕರೆದು ಸಹಿ ಮಾಡಿಸಿದರು, ಅಂಗಡಿಗೆ ಹೋಗಲೇ ಇಲ್ಲ’ ಎಂದರೆ ಮಾಲಿನ ಕೊಂಡಿಯೂ ಸಡಿಲ.

ತಪ್ಪು ಕಲ್ಪನೆ: ಪೊಲೀಸರ ಮುಂದೆ ಒಪ್ಪಿಕೊಂಡಿದ್ದಾನೆ, ವಿಡಿಯೋ ಕೂಡ ಇದೆ

ಬೆಂಗಳೂರಿನದೇ ಉದಾಹರಣೆ ಇದೆ. ಹಲಸೂರು ಠಾಣೆಯ ವ್ಯಾಪ್ತಿಯಲ್ಲಿ ವೃದ್ಧೆಯೊಬ್ಬರ ಕೊಲೆ ಮತ್ತು ಡಕಾಯಿತಿ ಪ್ರಕರಣದಲ್ಲಿ ವಿಚಾರಣಾ ನ್ಯಾಯಾಲಯ ಶಿಕ್ಷೆ ವಿಧಿಸಿತ್ತು, ಹೈಕೋರ್ಟು ಅದನ್ನು ಎತ್ತಿಹಿಡಿದಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆರೋಪಿಗಳನ್ನು ಬಿಡುಗಡೆ ಮಾಡಿತು. ಪೊಲೀಸರ ಮುಂದೆ ಕೊಟ್ಟ ‘ಸ್ವಇಚ್ಛಾ ಹೇಳಿಕೆ’ಗಳನ್ನೂ ಅವುಗಳ ವಿಡಿಯೋವನ್ನೂ ನೆಚ್ಚಿದ್ದು ಎರಡೂ ಕೋರ್ಟುಗಳ ತಪ್ಪು ಎಂದಿತು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಕಾನೂನು ಸಾಕ್ಷ್ಯವೆಂದು ಒಪ್ಪುವುದಿಲ್ಲ, ಕ್ಯಾಮೆರಾ ಇಟ್ಟಮಾತ್ರಕ್ಕೆ ಅದು ಬದಲಾಗದು. ಆ ಹೇಳಿಕೆಯಿಂದ ನಿಜವಾಗಿ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಮಾತ್ರ ಒಳಗೆ ಬರುತ್ತದೆ. 1947ರ ಪುಲುಕುರಿ ಕೊಟ್ಟಯ್ಯ ತೀರ್ಪಿನಿಂದಲೂ ಇದೇ ನಿಯಮ. ‘ಸರವನ್ನು ಇಂಥ ಅಂಗಡಿಯಲ್ಲಿ ಇಟ್ಟಿದ್ದೇನೆ’ ಎಂಬುದು ಬರಬಹುದು, ‘ಇಂಥ ರಸ್ತೆಯಲ್ಲಿ ಕಿತ್ತುಕೊಂಡೆ’ ಎಂಬುದು ಬರುವುದಿಲ್ಲ.

ತಪ್ಪು ಕಲ್ಪನೆ: ಅಪೀಲು ಹಾಕಿದರೆ ಶಿಕ್ಷೆ ಇನ್ನೂ ಜಾಸ್ತಿಯಾಗುತ್ತದೆ

ಆರೋಪಿ ಹಾಕಿದ ಅಪೀಲಿನಲ್ಲೇ ಶಿಕ್ಷೆ ಹೆಚ್ಚಿಸುವಂತಿಲ್ಲ. ಅದಕ್ಕೆ ಸರ್ಕಾರವೇ ಪ್ರತ್ಯೇಕ ಅಪೀಲು ಹಾಕಬೇಕು, ಅಥವಾ ಹೈಕೋರ್ಟು ನೋಟಿಸು ಕೊಟ್ಟು ರಿವಿಷನ್‌ನಲ್ಲಿ ಕೇಳಬೇಕು.

ತಪ್ಪು ಕಲ್ಪನೆ: ವಕೀಲರಿಗೆ ದುಡ್ಡಿಲ್ಲ, ಗಡುವೂ ಮುಗಿಯಿತು, ಇನ್ನು ಆಗದು

ಸೆಷನ್ಸ್‌ಗೆ 30 ದಿನ, ಹೈಕೋರ್ಟಿಗೆ 60 ದಿನದ ಗಡುವು. ತಡವಾದರೆ ತಕ್ಕ ಕಾರಣ ತೋರಿಸಿ ಕ್ಷಮೆ ಕೇಳಬಹುದು. ಜೈಲು ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿ ಪುಕ್ಕಟೆ. ಪರಪ್ಪನ ಅಗ್ರಹಾರದಲ್ಲಿ ಇರುವವನು ಜೈಲಿನ ಅಧಿಕಾರಿಯ ಕೈಗೇ ಅಪೀಲು ಕೊಟ್ಟರೆ ಅವರು ಅದನ್ನು ಕೋರ್ಟಿಗೆ ಕಳಿಸಬೇಕು. ಬಂಧನದಲ್ಲಿರುವ ಯಾರಿಗಾದರೂ, ಆದಾಯ ಎಷ್ಟೇ ಇರಲಿ, 1987ರ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಸಹಾಯವಾಣಿ 15100. ಅಪೀಲಿನ ಜತೆಗೇ ಶಿಕ್ಷೆ ಅಮಾನತು ಕೋರಿ ಅರ್ಜಿ ಹಾಕುವುದನ್ನು ಮರೆಯಬಾರದು, ಇಲ್ಲವಾದರೆ ಅಪೀಲು ಕೈಗೆ ಬರುವಷ್ಟರಲ್ಲಿ ಶಿಕ್ಷೆಯೇ ಮುಗಿದಿರುತ್ತದೆ.

ತಪ್ಪು ಕಲ್ಪನೆ: ಅವನು ಖುಲಾಸೆಯಾದರೆ ದೂರು ಕೊಟ್ಟವರು ಸುಳ್ಳುಗಾರರು

ನನಗೆ ಹೆಚ್ಚು ನೋವು ಕೊಡುವ ಮಾತು ಇದು. ಸರ ಹೋದದ್ದು ನಿಜ, ಕೊರಳಿನ ಗಾಯ ನಿಜ. ಕೋರ್ಟು ಹೇಳುವುದು ಇಷ್ಟೇ: ಈ ಮನುಷ್ಯನೇ ಮಾಡಿದ ಎಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಬರಲಿಲ್ಲ. ಖುಲಾಸೆಯ ವಿರುದ್ಧ, ಕಡಿಮೆ ಅಪರಾಧಕ್ಕೆ ಇಳಿಸಿದ್ದರ ವಿರುದ್ಧ ನೊಂದವರೂ ಅಪೀಲು ಹಾಕಬಹುದು, 2009ರ ಕೊನೆಯಿಂದ ಆ ಹಕ್ಕು ಇದೆ. ಆದರೆ ಖುಲಾಸೆಯ ನಂತರ ಆರೋಪಿಯ ನಿರಪರಾಧಿತ್ವದ ಊಹೆ ಇಮ್ಮಡಿಯಾಗುತ್ತದೆ ಎಂದು 2007ರ ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಹೇಳಿರುವುದರಿಂದ ಆ ಏಣಿ ಕಡಿದು.

ಇನ್ನು ಸರದ ವಿಷಯ. ವಶಪಡಿಸಿಕೊಂಡ ಒಡವೆಯನ್ನು ಕೇಸು ನಡೆಯುವಾಗಲೇ ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಬಹುದು. ಕೇಳಿದಾಗ ಹಾಜರುಪಡಿಸಬೇಕೆಂಬ ಷರತ್ತು ಸಾಮಾನ್ಯವಾಗಿ ಅದರಲ್ಲಿರುತ್ತದೆ. ಆದ್ದರಿಂದ ಶಿಕ್ಷೆಯಾಯಿತಲ್ಲ ಎಂದು ಅದನ್ನು ಕರಗಿಸಿ ಹೊಸ ಸರ ಮಾಡಿಸುವ ಮೊದಲು, ಅಪೀಲು ಬಾಕಿ ಇದೆಯೇ ಎಂದು ಸರ್ಕಾರಿ ಅಭಿಯೋಜಕರನ್ನು ಕೇಳಿ, ಕೋರ್ಟಿನ ಅನುಮತಿ ಪಡೆಯಿರಿ.