ನೆರೆಯವನಾರು? ಕ್ರೈಸ್ತ ಧರ್ಮದ ಎರಡು ಮಹಾ ಆಜ್ಞೆಗಳು

ದೇವರನ್ನು ಪ್ರೀತಿಸಬೇಕು, ನೆರೆಯವರನ್ನು ಪ್ರೀತಿಸಬೇಕು. ಕ್ರೈಸ್ತ ಧರ್ಮದ ಸಾರವೇನು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರವಿದು. ಕೇಳುವುದಕ್ಕೆ ಇಷ್ಟು ಸರಳವಾದ ಮಾತು ಬೇರೊಂದಿಲ್ಲ. ಆದರೆ ಈ ಎರಡು ಆಜ್ಞೆಗಳು ಎಲ್ಲಿಂದ ಬಂದವು, ಅವನ್ನು ಒಟ್ಟಿಗೆ ಕಟ್ಟಿದ್ದು ಏಕೆ, 'ನೆರೆಯವನು' ಎಂಬ ಪದದ ವ್ಯಾಪ್ತಿ ಎಷ್ಟು ಎಂದು ವಿಚಾರಿಸತೊಡಗಿದರೆ ವಿಷಯ ಅಷ್ಟು ಸುಲಭವಲ್ಲವೆಂಬುದು ಅರಿವಾಗುತ್ತದೆ.

ಎರಡೂ ಆಜ್ಞೆಗಳು ಯೇಸು ಕ್ರಿಸ್ತನ ಹೊಸ ಸೃಷ್ಟಿಯಲ್ಲ. ಯೆಹೂದ್ಯರ ಧರ್ಮಶಾಸ್ತ್ರದಲ್ಲಿ ಅವು ಮೊದಲೇ ಇದ್ದವು. ಪೂರ್ಣ ಹೃದಯದಿಂದ, ಪೂರ್ಣ ಪ್ರಾಣದಿಂದ, ಪೂರ್ಣ ಶಕ್ತಿಯಿಂದ ದೇವರನ್ನು ಪ್ರೀತಿಸಬೇಕೆಂಬ ವಿಧಿ ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿದೆ. ಧರ್ಮನಿಷ್ಠ ಯೆಹೂದ್ಯರು ಇಂದಿಗೂ ಬೆಳಿಗ್ಗೆ ಮತ್ತು ಸಂಜೆ ಪಠಿಸುವ 'ಶೇಮಾ' ಪ್ರಾರ್ಥನೆಯ ಭಾಗವದು. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ವಿಧಿ ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿದೆ. ಯೆಹೂದ್ಯ ಸಂಪ್ರದಾಯ ಎಣಿಸುವ 613 ವಿಧಿನಿಷೇಧಗಳ ನಡುವೆ ಎಲ್ಲಕ್ಕಿಂತ ದೊಡ್ಡದು ಯಾವುದೆಂದು ಶಾಸ್ತ್ರಿಯೊಬ್ಬ ಯೆರೂಸಲೇಮಿನ ದೇವಾಲಯದ ಆವರಣದಲ್ಲಿ ಕೇಳಿದನೆಂದೂ, ಯೇಸು ಈ ಎರಡನ್ನು ಜೋಡಿಸಿ ಉತ್ತರಿಸಿದನೆಂದೂ ಮಾರ್ಕನ ಸುವಾರ್ತೆ ಹೇಳುತ್ತದೆ. ಆ ಉತ್ತರವನ್ನು ಶಾಸ್ತ್ರಿ ಮನಸಾರೆ ಒಪ್ಪಿಕೊಳ್ಳುತ್ತಾನೆ. ಹೋಮ ಬಲಿಗಳಿಗಿಂತಲೂ ಇದು ಮೇಲೆಂದು ತಾನೇ ಸೇರಿಸುತ್ತಾನೆ. ಯೇಸುವನ್ನೂ ಯೆಹೂದ್ಯ ಪಂಡಿತರನ್ನೂ ಸದಾ ಎದುರಾಳಿಗಳೆಂದೇ ಕಲ್ಪಿಸಿಕೊಳ್ಳುವವರು ಈ ಪ್ರಸಂಗವನ್ನು ಮರೆಯುವುದುಂಟು.

ಪ್ರೀತಿಸು ಎಂದು ಆಜ್ಞಾಪಿಸುವುದು ಸಾಧ್ಯವೇ? ಭಾವನೆ ಆಜ್ಞೆಗೆ ಮಣಿಯುವುದಿಲ್ಲ. ಜರ್ಮನಿಯ ತತ್ವಜ್ಞಾನಿ ಇಮ್ಯಾನ್ಯುಯೆಲ್ ಕಾಂಟ್ 1785ರಲ್ಲಿ ಇದೇ ಆಜ್ಞೆಯನ್ನು ಎತ್ತಿಕೊಂಡು, ಇಲ್ಲಿ ಹೇಳಿರುವುದು ಮನಸ್ಸಿನ ಒಲವನ್ನಲ್ಲ, ಸಂಕಲ್ಪದಿಂದ ಹುಟ್ಟುವ ಕ್ರಿಯೆಯನ್ನು ಎಂದು ವಾದಿಸಿದ. ಯಾಜಕಕಾಂಡದ ಆ ಅಧ್ಯಾಯವನ್ನೇ ಓದಿದರೂ ಇದು ಸ್ಪಷ್ಟವಾಗುತ್ತದೆ. ನೆರೆಯವನನ್ನು ಪ್ರೀತಿಸಬೇಕೆಂಬ ಮಾತಿಗೆ ಮುನ್ನ ಅಲ್ಲಿ ಬರುವುದು ತೀರ ಲೌಕಿಕವಾದ ಸಂಗತಿಗಳು. ಪೈರು ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯಬಾರದು. ಬಿದ್ದ ತೆನೆಗಳನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನವರೆಗೆ ಇಟ್ಟುಕೊಳ್ಳಬಾರದು. ಕಿವುಡನನ್ನು ಶಪಿಸಬಾರದು, ಕುರುಡನ ದಾರಿಗೆ ಅಡ್ಡಿಯಿಡಬಾರದು. ನ್ಯಾಯ ತೀರಿಸುವಾಗ ಬಡವನೆಂದು ಪಕ್ಷಪಾತ ಮಾಡಬಾರದು, ದೊಡ್ಡವನೆಂದು ಮುಖ ನೋಡಬಾರದು. ಅಧ್ಯಾಯದ ಕೊನೆಯಲ್ಲಿ ತಕ್ಕಡಿ, ತೂಕದ ಕಲ್ಲು, ಅಳತೆಯ ಪಾತ್ರೆಗಳು ಸರಿಯಾಗಿರಬೇಕೆಂಬ ಕಟ್ಟಳೆಯೂ ಇದೆ. ಪ್ರೀತಿ ಎಂಬುದು ಇಲ್ಲಿ ತೆನೆಯಲ್ಲಿ, ಕೂಲಿಯಲ್ಲಿ, ತಕ್ಕಡಿಯಲ್ಲಿ ಇದೆ. ಸಂಜೆ ಕೂಲಿ ಸಿಗದೆ ಬರಿಗೈಯಲ್ಲಿ ಮನೆಗೆ ಮರಳುವ ಕಾರ್ಮಿಕನಿಗೆ ಮಾಲೀಕನ ಹೃದಯದಲ್ಲಿ ಎಷ್ಟು ಒಲವಿದ್ದರೇನು ಪ್ರಯೋಜನ?

ಆದರೂ ಒಂದು ತೊಡಕು ಉಳಿಯುತ್ತದೆ. ಆ ವಾಕ್ಯದ ಮೊದಲ ಅರ್ಧದಲ್ಲಿ ನೆರೆಯವನೆಂದರೆ ಸ್ವಜನ. ಅದೇ ಅಧ್ಯಾಯ ಮುಂದೆ, ನಿಮ್ಮ ನಡುವೆ ವಾಸಿಸುವ ಪರದೇಶಿಯನ್ನೂ ಹಾಗೆಯೇ ಪ್ರೀತಿಸಬೇಕೆಂದು ವ್ಯಾಪ್ತಿಯನ್ನು ಹಿಗ್ಗಿಸುತ್ತದೆ. ಹಾಗಾದರೆ ಗಡಿ ಎಲ್ಲಿ? ಲೂಕನ ಸುವಾರ್ತೆಯಲ್ಲಿ ಧರ್ಮಶಾಸ್ತ್ರಿಯೊಬ್ಬ ಕೇಳುವ ಪ್ರಶ್ನೆ ಇದೇ. ತನ್ನ ನೆರೆಯವನು ಯಾರೆಂದು ಅವನಿಗೆ ಗೊತ್ತಾಗಬೇಕು; ಅಂದರೆ, ಯಾರು ಅಲ್ಲ ಎಂಬುದೂ ಗೊತ್ತಾಗಬೇಕು. ಇದಕ್ಕೆ ಉತ್ತರವಾಗಿಯೇ ಒಳ್ಳೆಯ ಸಮಾರ್ಯದವನ ಕಥೆ ಬರುತ್ತದೆ.

ಯೆರಿಕೋವಿನ ಇಳಿಜಾರು

ಕಥೆ ಎಲ್ಲರಿಗೂ ತಿಳಿದದ್ದೇ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುತ್ತಿದ್ದ ಒಬ್ಬನನ್ನು ಕಳ್ಳರು ದೋಚಿ, ಬಡಿದು, ಅರೆಜೀವ ಮಾಡಿ ಹೋಗುತ್ತಾರೆ. ಯಾಜಕನೊಬ್ಬ, ಲೇವಿಯನೊಬ್ಬ ನೋಡಿಯೂ ಮಗ್ಗುಲಾಗಿ ಹೋಗುತ್ತಾರೆ. ಸಮಾರ್ಯದವನೊಬ್ಬ ನಿಲ್ಲುತ್ತಾನೆ. 'ಇಳಿಯುತ್ತಿದ್ದ' ಎಂಬ ಪದ ಅಕ್ಷರಶಃ ನಿಜ. ಯೆರೂಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಯೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ತಗ್ಗಿನಲ್ಲಿದೆ. ಬೋಳು ಬೆಟ್ಟಗಳು, ಕೊರಕಲುಗಳ ನಡುವೆ 27 ಕಿಲೋಮೀಟರ್ ಆಸುಪಾಸಿನ ದಾರಿ. ಅಡಗಿ ಕೂರುವವರಿಗೆ ಹೇಳಿ ಮಾಡಿಸಿದ ಜಾಗ.

ಯಾಜಕನು ಶವಸ್ಪರ್ಶದ ಮೈಲಿಗೆಗೆ ಅಂಜಿ ದೂರ ಸರಿದನೆಂಬ ವಿವರಣೆ ಅನೇಕ ಪ್ರವಚನಗಳಲ್ಲಿ ಕೇಳಿಬರುತ್ತದೆ. ಇದು ಪೂರ್ತಿ ಒಪ್ಪುವಂಥದ್ದಲ್ಲ. ಅವನೂ ಯೆರೂಸಲೇಮಿನಿಂದ ಇಳಿದು ಬರುತ್ತಿದ್ದವನು. ದೇವಾಲಯದ ಸೇವೆಗೆ ಹೋಗುತ್ತಿದ್ದವನಲ್ಲ. ಅಲ್ಲದೆ, ದಿಕ್ಕಿಲ್ಲದೆ ಬಿದ್ದ ಶವವನ್ನು ಕಂಡರೆ ಮಹಾಯಾಜಕನೂ ಸಂಸ್ಕಾರ ಮಾಡಬೇಕೆಂಬ ಅಭಿಪ್ರಾಯ ಯೆಹೂದ್ಯರ ಮಿಷ್ನಾದಲ್ಲಿಯೇ ದಾಖಲಾಗಿದೆ. ಯಾಜಕನೇಕೆ ನಿಲ್ಲಲಿಲ್ಲ ಎಂಬುದನ್ನು ಲೂಕ ಹೇಳುವುದಿಲ್ಲ. ಹೆದರಿಕೆಯೋ, ಅವಸರವೋ, ತನಗೇಕೆಂಬ ಉದಾಸೀನವೋ, ಓದುಗರೇ ತುಂಬಿಕೊಳ್ಳಬೇಕು. ರಸ್ತೆ ಅಪಘಾತದ ಗಾಯಾಳುವಿನ ಸುತ್ತ ಜನ ಗುಂಪುಗೂಡಿ ನೋಡುತ್ತಲೇ ನಿಲ್ಲುವ ನಮ್ಮ ನಗರಗಳಲ್ಲಿ ಇದು ಕಷ್ಟದ ಕೆಲಸವಲ್ಲ.

ಸಮಾರ್ಯದವನು ಯಾರು? ಅವರೂ ಮೋಶೆಯ ಧರ್ಮಶಾಸ್ತ್ರವನ್ನೇ ಪಾಲಿಸುವವರು. ಆದರೆ ಯೆರೂಸಲೇಮನ್ನಲ್ಲ, ಗೆರಿಜೀಮ್ ಬೆಟ್ಟವನ್ನು ಪವಿತ್ರಸ್ಥಾನವೆಂದು ನಂಬಿದವರು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಕೊನೆಯಲ್ಲಿ ಯೆಹೂದ್ಯರ ಅರಸ ಯೋಹಾನ ಹಿರ್ಕಾನಸ್ ಆ ಬೆಟ್ಟದ ದೇವಾಲಯವನ್ನು ನಾಶಪಡಿಸಿದ್ದ. ಕೆಲವೇ ನೂರು ಸಂಖ್ಯೆಯ ಸಮಾರ್ಯರು ಇಂದಿಗೂ ಗೆರಿಜೀಮ್ ಬೆಟ್ಟದ ಮೇಲೂ ಇಸ್ರೇಲಿನ ಹೋಲೋನ್ ನಗರದಲ್ಲೂ ವಾಸಿಸುತ್ತಿದ್ದಾರೆ. ಲೂಕನ ಹಿಂದಿನ ಅಧ್ಯಾಯದಲ್ಲಿ ಸಮಾರ್ಯರ ಊರೊಂದು ಯೇಸುವಿಗೆ ತಂಗಲು ಅವಕಾಶ ಕೊಡುವುದಿಲ್ಲ. ಆ ಊರಿನ ಮೇಲೆ ಆಕಾಶದಿಂದ ಬೆಂಕಿ ಸುರಿಸೋಣವೇ ಎಂದು ಯಾಕೋಬ ಮತ್ತು ಯೋಹಾನರೆಂಬ ಇಬ್ಬರು ಶಿಷ್ಯರು ಕೇಳಿ ಛೀಮಾರಿ ಹಾಕಿಸಿಕೊಳ್ಳುತ್ತಾರೆ. ಅದೇ ಜನಾಂಗದವನನ್ನು ಯೇಸು ಈ ಕಥೆಯ ನಾಯಕನನ್ನಾಗಿಸುತ್ತಾನೆ.

ಕಥೆಯ ಕೊನೆಯಲ್ಲಿ ಪ್ರಶ್ನೆಯೇ ತಿರುಗಿಬಿದ್ದಿದೆ. ನನಗೆ ನೆರೆಯವನು ಯಾರು ಎಂದು ಶಾಸ್ತ್ರಿ ಕೇಳಿದ್ದ. ಗಾಯಗೊಂಡವನಿಗೆ ನೆರೆಯವನಾದವನು ಯಾರು ಎಂದು ಯೇಸು ಕೇಳುತ್ತಾನೆ. ಕನ್ನಡದಲ್ಲಿ 'ನೆರೆ' ಎಂದರೆ ಪಕ್ಕ, ಸಮೀಪ; ಹೊಸ ಒಡಂಬಡಿಕೆಯ ಗ್ರೀಕ್ ಪದಕ್ಕೂ ಹತ್ತಿರದವನೆಂದೇ ಅರ್ಥ. ಹತ್ತಿರ ಹೋದವನೇ ನೆರೆಯವನು ಎಂದಾಗ ಪಟ್ಟಿ ಮಾಡಿ ಗಡಿ ಎಳೆಯುವುದಕ್ಕೆ ಅವಕಾಶ ಉಳಿಯುವುದಿಲ್ಲ. ಶಾಸ್ತ್ರಿ ಉತ್ತರ ಸರಿಯಾಗಿಯೇ ಕೊಡುತ್ತಾನೆ. ಆದರೆ 'ಸಮಾರ್ಯದವನು' ಎಂಬ ಪದ ಮಾತ್ರ ಅವನ ಬಾಯಿಂದ ಹೊರಡುವುದಿಲ್ಲ. ದಯೆ ತೋರಿದವನು ಎಂದಷ್ಟೇ ಹೇಳುತ್ತಾನೆ. ಇಡೀ ಪ್ರಸಂಗದಲ್ಲಿ ಇದಕ್ಕಿಂತ ಸೂಕ್ಷ್ಮವಾದ ವಿವರ ಇನ್ನೊಂದಿಲ್ಲ.

ಸೇವೆಯೇ ಸಾಕೆ?

ಮನುಷ್ಯರಿಗೆ ಸೇವೆ ಮಾಡಿದರೆ ಸಾಕು, ದೇವರ ಮಾತು ಬೇಡ ಎಂದು ಇದರಿಂದ ತೀರ್ಮಾನಿಸಬಹುದೇ? ಲೂಕ ಈ ಕಥೆಯ ಬೆನ್ನಿಗೇ ಮಾರ್ಥ ಮತ್ತು ಮರಿಯಳ ಪ್ರಸಂಗವನ್ನು ಇಟ್ಟಿದ್ದಾನೆ. ಅತಿಥಿ ಸತ್ಕಾರದಲ್ಲಿ ಬಳಲಿದ ಮಾರ್ಥಳಿಗಿಂತ, ಕುಳಿತು ಉಪದೇಶ ಕೇಳಿದ ಮರಿಯಳು ಒಳ್ಳೆಯದನ್ನು ಆರಿಸಿಕೊಂಡಳೆಂದು ಯೇಸು ಅಲ್ಲಿ ಹೇಳುತ್ತಾನೆ. (1886ರಲ್ಲಿ ಬೆಂಗಳೂರಿನಲ್ಲಿ ಕ್ರೈಸ್ತ ಭಗಿನಿಯರು ಆರಂಭಿಸಿದ ಆಸ್ಪತ್ರೆಗೆ ಮಾತ್ರ ಇಟ್ಟದ್ದು ಮಾರ್ಥಳ ಹೆಸರನ್ನೇ!) ಇನ್ನೊಂದು ಕಡೆ, ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರನೆಂದು ಯೋಹಾನನ ಮೊದಲ ಪತ್ರ ಖಂಡಿತವಾಗಿ ಹೇಳುತ್ತದೆ. ಒಂದು ಆಜ್ಞೆಯನ್ನು ಇನ್ನೊಂದರಲ್ಲಿ ಕರಗಿಸಿಬಿಡುವ ಸುಲಭೋಪಾಯಕ್ಕೆ ಹೊಸ ಒಡಂಬಡಿಕೆ ಎಡೆಗೊಡುವುದಿಲ್ಲ.

ಚರಿತ್ರೆಯಲ್ಲಿ ಈ ಜೋಡಣೆ ಫಲ ಕೊಟ್ಟ ಉದಾಹರಣೆಗಳುಂಟು. ನಾಲ್ಕನೆಯ ಶತಮಾನದಲ್ಲಿ, ಇಂದಿನ ಟರ್ಕಿಯಲ್ಲಿರುವ ಸಿಸೇರಿಯದ ಬಿಷಪ್ ಬೆಸಿಲ್ ಊರ ಹೊರಗೆ ಬಡವರಿಗೂ ರೋಗಿಗಳಿಗೂ ದಾರಿಹೋಕರಿಗೂ ಒಂದು ಸಂಕೀರ್ಣವನ್ನೇ ಕಟ್ಟಿಸಿದ. ಸಮಾಜ ಹೊರಹಾಕಿದ್ದ ಕುಷ್ಠರೋಗಿಗಳಿಗೂ ಅಲ್ಲಿ ಆಶ್ರಯವಿತ್ತು. ಅದಕ್ಕೂ ಕೊಂಚ ಮುನ್ನ, ಹಳೆಯ ರೋಮನ್ ದೇವತೆಗಳ ಪೂಜೆಯನ್ನು ಪುನರುಜ್ಜೀವಗೊಳಿಸಲು ಹೊರಟಿದ್ದ ಚಕ್ರವರ್ತಿ ಜೂಲಿಯನ್, ಕ್ರೈಸ್ತರು ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆಂದು ಅರ್ಚಕನೊಬ್ಬನಿಗೆ ಬರೆದ ಪತ್ರದಲ್ಲಿ ಹಲುಬಿದ್ದ. ವಿರೋಧಿಯ ಬಾಯಿಂದ ಬಂದ ಮಾತಾದ್ದರಿಂದ ಅದಕ್ಕೆ ತೂಕ ಹೆಚ್ಚು. ಕರ್ನಾಟಕದ ಮಟ್ಟಿಗೆ, ಜರ್ಮನಿಯಿಂದ ಬಂದ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಹಂಚಲು ತೊಡಗಿದ್ದು, 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ತೆರೆದದ್ದು ನೆನಪಿಗೆ ಬರುತ್ತವೆ.

ಸೋಲುಗಳೂ ಅಷ್ಟೇ ಸ್ಪಷ್ಟ. ಭಾರತದ ಚರ್ಚುಗಳೊಳಗೆ ಜಾತಿ ಹೊರಗೇ ಉಳಿಯಲಿಲ್ಲ. ದಕ್ಷಿಣದ ಸಭೆಗಳಲ್ಲಿ ಕೂರುವ ಸ್ಥಳ, ಪ್ರಭುಭೋಜನದ ಸರದಿ ಜಾತಿಯ ಪ್ರಕಾರ ನಡೆಯುವುದನ್ನು ಕಂಡು ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಅದನ್ನು ಕೂಡಲೇ ಕೈಬಿಡಬೇಕೆಂದು ಆದೇಶಿಸಿದ. 170 ವರ್ಷಗಳ ತರುವಾಯ, 2003ರ ನವೆಂಬರಿನಲ್ಲಿ, ತಮಿಳುನಾಡಿನ ಬಿಷಪರನ್ನು ಉದ್ದೇಶಿಸಿ ಎರಡನೆಯ ಜಾನ್ ಪಾಲ್ ಪೋಪ್ ಜಾತಿ ತಾರತಮ್ಯವನ್ನು ಮತ್ತೆ ಖಂಡಿಸಬೇಕಾಯಿತು. ಒಂದೇ ಪೀಠದ ಮುಂದೆ ಮೊಣಕಾಲೂರಿದವರು ಸಮಾಧಿಯಲ್ಲಿ ಗೋಡೆ ಬಯಸುತ್ತಾರೆಂದರೆ, ಶಾಸ್ತ್ರಿಯ ಪ್ರಶ್ನೆ ಅವರ ಪಾಲಿಗೆ ಇನ್ನೂ ಬಗೆಹರಿದಿಲ್ಲ.

ಅಮೆರಿಕದಲ್ಲಿ ಇದೇ ಕಥೆ 1968ರಲ್ಲಿ ಬೀದಿಗೆ ಬಂದಿತು. ಟೆನೆಸೀ ರಾಜ್ಯದ ಮೆಂಫಿಸ್ ನಗರದಲ್ಲಿ ಫೆಬ್ರುವರಿ 1ರಂದು ಇಬ್ಬರು ಕಪ್ಪು ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಲುಕಿ ಸತ್ತರು. ಸುಮಾರು 1,300 ಕಾರ್ಮಿಕರು ಮುಷ್ಕರ ಹೂಡಿದರು. ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 3ರ ರಾತ್ರಿಯ ಭಾಷಣದಲ್ಲಿ ತಾನು ಪತ್ನಿಯೊಡನೆ ಯೆರಿಕೋವಿನ ಆ ದಾರಿಯಲ್ಲಿ ಕಾರಿನಲ್ಲಿ ಹೋದದ್ದನ್ನು ನೆನೆದರು. ನಿಂತರೆ ನನಗೇನಾದೀತು ಎಂಬುದು ಯಾಜಕ, ಲೇವಿಯರ ಮನಸ್ಸಿನಲ್ಲಿದ್ದಿರಬಹುದಾದ ಪ್ರಶ್ನೆ. ನಿಲ್ಲದಿದ್ದರೆ ಇವನಿಗೇನಾದೀತು ಎಂಬುದು ಸಮಾರ್ಯದವನ ಪ್ರಶ್ನೆ ಎಂದು ವಿವರಿಸಿ, ಪೌರಕಾರ್ಮಿಕರ ವಿಷಯದಲ್ಲಿ ಎರಡನೆಯದನ್ನೇ ಕೇಳಿಕೊಳ್ಳುವಂತೆ ಸಭೆಯನ್ನು ಕೋರಿದರು. ಮರುದಿನ ಸಂಜೆ ಅದೇ ನಗರದಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಏಪ್ರಿಲ್ 16ರಂದು ನಗರಾಡಳಿತ ಕಾರ್ಮಿಕ ಸಂಘವನ್ನು ಮಾನ್ಯಮಾಡಿ, ಕೂಲಿ ಹೆಚ್ಚಿಸಲು ಒಪ್ಪಿತು.