ಬೆಳಗಿನ ಹಿಮ, ಮಧ್ಯಾಹ್ನದ ಹಿಮ

ಹಿಮ ಅಂದರೆ ನಮ್ಮಂಥವರಿಗೆ ಸಿನಿಮಾದಲ್ಲಿ ಕಂಡ ಬಿಳೀ ಹತ್ತಿ. ಹತ್ತನೇ ತರಗತಿಯವರೆಗೆ ಕಡೂರಿನಲ್ಲಿ ಕನ್ನಡದಲ್ಲೇ ಓದಿದ ನಾನು ಭೂಗೋಳದಲ್ಲಿ 'ಹಿಮರೇಖೆ'ಯ ವ್ಯಾಖ್ಯೆ ಬಾಯಿಪಾಠ ಮಾಡಿ ಎರಡು ಅಂಕ ತೆಗೆದಿದ್ದೆ, ಅಷ್ಟೇ. 2023ರ ಏಪ್ರಿಲ್‌ನಲ್ಲಿ ದೆಹಲಿಯಿಂದ ಒಬ್ಬನೇ ಹೋಗಿ ಗಢವಾಲದ ಚಂದ್ರಶಿಲಾ ಹತ್ತಿ ಬಂದ ಮೇಲೆ ಗೊತ್ತಾಯ್ತು, ಹಿಮ ಗಂಟೆಗೊಂದು ಥರ ಇರುತ್ತೆ ಅಂತ.

ಬಸ್ಸು ಇಳಿಯುವ ಚೋಪ್ತಾ ಸುಮಾರು 2,700 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ನಮ್ಮ ಬೆಟ್ಟದ ತುದಿಗಿಂತ ಮೇಲೆ ಇಲ್ಲಿ ನಡಿಗೆ ಶುರು! ಪ್ರತಿ 1,000 ಮೀಟರಿಗೆ ಸುಮಾರು 6.5 ಡಿಗ್ರಿ ಚಳಿ ಹೆಚ್ಚುವುದರಿಂದ ದೆಹಲಿಯಲ್ಲಿ ಫ್ಯಾನು ತಿರುಗುವ ಏಪ್ರಿಲ್‌ನಲ್ಲೂ ಅಲ್ಲಿ ಹಿಮ ಉಳಿದಿರುತ್ತದೆ. ಚೋಪ್ತಾದಿಂದ ತುಂಗನಾಥ ದೇವಸ್ಥಾನಕ್ಕೆ ಕಲ್ಲುಹಾಸಿನ ದಾರಿ. ಚಳಿಗಾಲದಲ್ಲಿ ಉತ್ಸವಮೂರ್ತಿ ಕೆಳಗಿನ ಮಕ್ಕೂಮಠಕ್ಕೆ ಹೋಗುವುದರಿಂದ ಬಾಗಿಲು ಇನ್ನೂ ಹಾಕಿತ್ತು. ಅಲ್ಲಿಂದ ಮೇಲಕ್ಕೆ ಬೆಟ್ಟದ ಏಣು.

ಚಹಾ ಅಂಗಡಿಯವರು ಹಿಂದಿನ ರಾತ್ರಿಯೇ ಎಚ್ಚರಿಸಿದ್ದರು: ನಸುಕಿನಲ್ಲೇ ಹೊರಡು, ಹತ್ತು ಗಂಟೆಯೊಳಗೆ ದೇವಸ್ಥಾನಕ್ಕೆ ವಾಪಸು ಇಳಿದಿರು. ಮೊದಲನೆಯದನ್ನು ಪಾಲಿಸಿದೆ, ಎರಡನೆಯದನ್ನು ಮರೆತೆ.

ಋತು ಮುಗಿಯುವ ಕಾಲದ ಹಿಮ ಹೊಸ ಹಿಮದ ಹಾಗೆ ಹಿಟ್ಟಲ್ಲ. ಹಗಲು ಕರಗಿ, ರಾತ್ರಿ ಹೆಪ್ಪುಗಟ್ಟಿ, ಮತ್ತೆ ಕರಗಿ, ಕಾಳು ದಪ್ಪವಾಗಿ ದಪ್ಪರವೆಯಂತೆ ಆಗಿರುತ್ತದೆ. ರಾತ್ರಿ ಆ ಕಾಳುಗಳ ನಡುವಿನ ನೀರು ಗಟ್ಟಿಯಾಗಿ ಸಿಮೆಂಟಿನಂತೆ ಹಿಡಿದುಕೊಳ್ಳುತ್ತದೆ. ಹಾಗಾಗಿ ಬೆಳಿಗ್ಗೆ ಬೂಟಿನ ತುದಿಯಿಂದ ಒದ್ದರೆ ಚಿಕ್ಕ ಮೆಟ್ಟಿಲಾಗುತ್ತದೆ, ಕಾಲು ಹೂತುಹೋಗುವುದಿಲ್ಲ. ಆದರೆ ಕಡಿದಾದ ಕಡೆ ಜಾರಿದರೆ ತಡೆಯೂ ಇಲ್ಲ, ನೇರ ಕೆಳಗೆ. ಅದಕ್ಕೇ ಕೋಲು ಊರಿ, ಒಂದು ಕಾಲು ನಿಂತ ಮೇಲೇ ಇನ್ನೊಂದು ಎತ್ತುತ್ತಿದ್ದೆ. ಏಣಿನ ಅಂಚಿಗೂ ಹೋಗಲಿಲ್ಲ. ಗಾಳಿ ಒಯ್ದ ಹಿಮ ಅಲ್ಲಿ ಮನೆಯ ಸೂರಿನ ಹಾಗೆ ಹೊರಚಾಚಿರುತ್ತದೆ. ಕೆಳಗೆ ಏನೂ ಇರುವುದಿಲ್ಲ.

ತುದಿ ಮುಟ್ಟಿದಾಗ ಎಂಟು. ಚೌಖಂಬಾ ಎದುರಿಗೇ ನಿಂತಿತ್ತು. ಅದನ್ನು ನೋಡುತ್ತಾ ಬ್ರೆಡ್ಡು ತಿಂದು ಬಿಸಿಲಿಗೆ ಮೈಯೊಡ್ಡಿ ಕೂತೆ. ಎದ್ದಾಗ ಹನ್ನೊಂದು ದಾಟಿತ್ತು!

ಇಳಿಯುವಾಗ ಅದು ಬೇರೆಯೇ ಹಿಮ. ಕಾಳುಗಳ ನಡುವಿನ ಸಿಮೆಂಟು ಮತ್ತೆ ನೀರಾಗಿತ್ತು. ಬೆಳಗಿನ ನನ್ನ ಹೆಜ್ಜೆಗಳನ್ನು ಬಿಟ್ಟು, ಹತ್ತಿರವಾಗುತ್ತೆ ಅಂತ ಒಂದು ಬಂಡೆಯ ಪಕ್ಕಕ್ಕೆ ಹೋದೆ. ಅಲ್ಲೇ ತಪ್ಪಿದ್ದು. ಬಂಡೆ ಬಿಸಿಲು ಹೀರಿ ಕಾಯುತ್ತದೆ, ಪಕ್ಕದ ಹಿಮ ಒಳಗೊಳಗೇ ಕರಗಿ ಪೊಳ್ಳಾಗುತ್ತದೆ. ಮೇಲಿನ ಪದರ ಮಾತ್ರ ಬೆಳ್ಳಗೆ ನಗುತ್ತಿರುತ್ತದೆ. ಬಲಗಾಲು ತೊಡೆಯವರೆಗೆ ಹೋಯಿತು, ಬೂಟು ಕಲ್ಲುಗಳ ಸಂದಿಗೆ ಸಿಕ್ಕಿತು. ಎಳೆದೆ, ಬರಲಿಲ್ಲ. ಕೂಗಿದೆ, ಯಾರೂ ಇಲ್ಲ. ನಾನು ಇಲ್ಲಿದ್ದೇನೆ ಅಂತ ಅಮ್ಮನಿಗೂ ಹೇಳಿರಲಿಲ್ಲ, ಹಾಸ್ಟೆಲಿನ ರೂಮಿನವನಿಗೂ ಹೇಳಿರಲಿಲ್ಲ. ಟಿಫಿನ್ ಡಬ್ಬಿಯ ಮುಚ್ಚಳದಿಂದ ಕಾಲ ಸುತ್ತ ಕೆದಕುತ್ತಾ ಹೋದೆ. ಅರ್ಧ ಗಂಟೆ ಹಿಡಿಯಿತು. ಬೆರಳು ಮರಗಟ್ಟಿ ಬೂಟಿನ ಲಾಡಿ ಬಿಚ್ಚುವುದೇ ಕಷ್ಟವಾಯ್ತು. ಕಾಲು ಮುರಿದಿರಲಿಲ್ಲ, ಅದು ಪುಣ್ಯ.

ಬಿ.ಕಾಂ. ಹುಡುಗ ನಾನು, ನನ್ನ ಭಾಷೆಯಲ್ಲೇ ಹೇಳುತ್ತೇನೆ. ಹಿಮ ಬೆಳಿಗ್ಗೆ ಕೊಡುವುದು ಸಾಲ. ಮಧ್ಯಾಹ್ನ ಬಡ್ಡಿಸಮೇತ ವಸೂಲಿಗೆ ಬರುತ್ತೆ. ಹತ್ತುವ ಖರ್ಚನ್ನು ಎಲ್ಲರೂ ಲೆಕ್ಕ ಹಾಕುತ್ತೇವೆ, ಇಳಿಯುವುದನ್ನು ಬರೆಯಲು ಮರೆಯುತ್ತೇವೆ. ವಾಪಸು ಹೊರಡುವ ಗಂಟೆಯನ್ನು ಕೆಳಗಿರುವಾಗಲೇ ಗೊತ್ತುಮಾಡಿ. ತುದಿ ಸಿಗದಿದ್ದರೂ ಆ ಗಂಟೆಗೆ ತಿರುಗಿ. ಮತ್ತೆ, ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಅಂತ ಒಬ್ಬರಿಗಾದರೂ ಹೇಳಿ ಹೊರಡಿ.

ಅಮ್ಮನಿಗೆ ನಾನಿನ್ನೂ ಹೇಳಿಲ್ಲ. ಈ ಸಂಚಿಕೆ ಮನೆಗೆ ಹೋದ ಮೇಲೆ ಹೇಗೂ ಗೊತ್ತಾಗುತ್ತೆ.