ಅಂಕಪಟ್ಟಿಯಲ್ಲಿ ಕಾಣದ ಮನೆ

ಸರ್ಕಾರಿ ಶಾಲೆಯ ಫಲಿತಾಂಶವನ್ನಷ್ಟೇ ನೋಡಿ ಶಿಕ್ಷಕರನ್ನು ಅಳೆಯುವುದು ಅನ್ಯಾಯ. 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಶೇ. 91 ದಾಟಿತು, ಕಲಬುರಗಿ ಶೇ. 42ರ ಆಸುಪಾಸಿನಲ್ಲೇ ಉಳಿಯಿತು. ಪಠ್ಯಕ್ರಮ ಒಂದೇ, ಪರೀಕ್ಷೆಯೂ ಒಂದೇ. ಆದರೆ ಅಪ್ಪ ಅಮ್ಮನ ಜೊತೆ ಗುಳೆ ಹೋಗುವ ಮಗುವಿಗೆ ವರ್ಷದ ಎಷ್ಟೋ ಪಾಠಗಳು ಸಿಗುವುದೇ ಇಲ್ಲ. ಮನೆಯಲ್ಲಿ ಓದಿಸುವವರೂ ಇರುವುದಿಲ್ಲ. ಅಮೆರಿಕದಲ್ಲಿ ಸುಮಾರು ಆರು ಲಕ್ಷ ವಿದ್ಯಾರ್ಥಿಗಳನ್ನು ಪರಿಶೀಲಿಸಿದ ಜೇಮ್ಸ್ ಕೋಲ್ಮನ್ ಅವರ 1966ರ ವರದಿಯೂ ಕಲಿಕೆಯ ಅಂತರಕ್ಕೆ ಶಾಲೆಯ ಸೌಕರ್ಯಕ್ಕಿಂತ ಕುಟುಂಬದ ಹಿನ್ನೆಲೆಯೇ ದೊಡ್ಡ ಕಾರಣವೆಂದಿತು.

ಹಾಗಾದರೆ ಶಾಲೆಗೆ ಹೊಣೆಯೇ ಇಲ್ಲವೇ ಎಂಬ ಆಕ್ಷೇಪ ಸಹಜ. ಖಂಡಿತ ಇದೆ. ಖಾಲಿ ಬಿದ್ದ ಶಿಕ್ಷಕರ ಹುದ್ದೆಗೆ ಬಡತನ ನೆಪವಾಗಬಾರದು. ಅದೇ ವರದಿ ಇನ್ನೊಂದು ಮಾತನ್ನೂ ಹೇಳಿತ್ತು: ಒಳ್ಳೆಯ ಶಿಕ್ಷಕರಿಂದ ಹೆಚ್ಚು ಲಾಭವಾಗುವುದು ಹಿಂದುಳಿದ ಮಕ್ಕಳಿಗೇ. ಆದ್ದರಿಂದ ಮಗು ಸೇರಿದಾಗ ಎಲ್ಲಿತ್ತು, ಈಗ ಎಲ್ಲಿಗೆ ಬಂದಿದೆ ಎಂಬುದನ್ನು ಇಲಾಖೆ ಅಳೆಯಲಿ. ಅನುಭವಿ ಶಿಕ್ಷಕರನ್ನು ಮೊದಲು ಕಲಬುರಗಿ, ಯಾದಗಿರಿಗಳಿಗೆ ಕಳಿಸಲಿ.